ಮಠದ ದಾಸೋಹ ಮನೆಯ ಒಲೆಗೂ ಬರಲಿ

ನಮ್ಮ ಶರಣ ಸಂಗಮಗಳಲ್ಲಿ, ಶ್ರಾವಣ ಮಾಸದ ಪ್ರವಚನಗಳಲ್ಲಿ ಇತ್ತೀಚೆಗೆ ಒಂದು ದೂರು ಮೇಲಿಂದ ಮೇಲೆ ಕೇಳಿಬರುತ್ತಿದೆ. ಮನೆಯ ಊಟ ಮರೆಯಾಗುತ್ತಿದೆ, ಮಕ್ಕಳು ಪೊಟ್ಟಣದ ತಿಂಡಿಗೆ ಮರುಳಾಗಿದ್ದಾರೆ, ಮೊಬೈಲಿನಲ್ಲಿ ಬೆರಳು ಒತ್ತಿದರೆ ಊಟ ಬಾಗಿಲಿಗೆ ಬಂದು ನಿಲ್ಲುತ್ತದೆ, ರೊಟ್ಟಿ ಬಡಿಯಲು ಬರುವ ಸೊಸೆ ಸಿಗುವುದೇ ಕಷ್ಟವಾಗಿದೆ ಎಂಬುದು ಆ ದೂರು. ಮುಂದಿನ ಸಾಲಿನಲ್ಲಿ ಕುಳಿತ ಹಿರಿಯರು ಹೌದೆಂದು ತಲೆಯಾಡಿಸುತ್ತಾರೆ. ಹಿಂದೆ ಕುಳಿತ ತಾಯಂದಿರು ಸುಮ್ಮನೆ ಕೇಳಿಸಿಕೊಳ್ಳುತ್ತಾರೆ. ಸಭೆ ಮುಗಿದ ಮೇಲೆ ಬೇಗ ಬೇಗ ಮನೆಗೆ ಹೋಗಿ ಒಲೆ ಹೊತ್ತಿಸಬೇಕಾದವರು ಅವರೇ.

ಈ ದೂರಿನಲ್ಲಿ ನಿಜವಿಲ್ಲ ಎನ್ನಲಾರೆ. ಸರಳವಾದ ಮನೆ ಊಟ ನಮ್ಮ ಕೈತಪ್ಪುತ್ತಿದೆ. ಆದರೆ ಅದನ್ನು ಸೊಸೆಯ ಸೋಮಾರಿತನಕ್ಕೋ ಮಗಳ ಓದಿಗೋ ಕಟ್ಟುವುದು ಅನ್ಯಾಯ. ಇಡೀ ಮನೆಯ ಹಸಿವನ್ನು ಒಬ್ಬಳ ಕೈಗೆ ಒಪ್ಪಿಸಿ, ಆ ಕೈ ದಣಿದಾಗ ಸಂಸ್ಕೃತಿ ಹಾಳಾಯಿತೆಂದು ಕೊರಗುತ್ತಿದ್ದೇವೆ. ಮನೆ ಊಟ ಉಳಿಯಬೇಕಾದರೆ ಅಡುಗೆ ಮನೆಮಂದಿಯೆಲ್ಲರ ಕಾಯಕವಾಗಬೇಕು. ಇದು ಹೊಸ ಕಾಲದ ಬೇಡಿಕೆ ಎಂದು ಯಾರೂ ತಳ್ಳಿಹಾಕುವಂತಿಲ್ಲ. ಶರಣರು ಹಾಕಿಕೊಟ್ಟ ದಾರಿಯೇ ಇದನ್ನು ಕೇಳುತ್ತದೆ.

ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಪ್ರಸಾದವೆಂದರೆ ಮಠದಲ್ಲಿ ಸಾಲಾಗಿ ಕುಳಿತು ಉಣ್ಣುವುದು ಮಾತ್ರವೆಂದು ನಾವು ತಿಳಿದಿದ್ದೇವೆ. ಸತ್ಯಶುದ್ಧ ಕಾಯಕದಿಂದ ಬಂದದ್ದು, ಹಂಚಿಕೊಂಡು ಉಂಡದ್ದು, ಒಂದು ಅಗುಳನ್ನೂ ಕೆಡಿಸದೆ ಉಂಡದ್ದು ಎಲ್ಲವೂ ಪ್ರಸಾದವೇ. ಆ ಲೆಕ್ಕದಲ್ಲಿ ನಮ್ಮ ಮನೆಯಲ್ಲಿ ದಿನಕ್ಕೆರಡು ಹೊತ್ತು ನಡೆಯುವ ಊಟವೂ ಪ್ರಸಾದ. ಹಾಗಿದ್ದರೆ ಅದನ್ನು ಸಿದ್ಧಪಡಿಸುವ ಕೆಲಸ ದೊಡ್ಡದು. ದೊಡ್ಡ ಕೆಲಸವೆಂದು ಒಪ್ಪಿದ ಮೇಲೆ ಅದು ಹೆಂಗಸರದು ಮಾತ್ರ ಎನ್ನುವುದಕ್ಕೆ ಆಧಾರ ಎಲ್ಲಿದೆ?

ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯೋಣ. ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದದ್ದನ್ನು ತಂದಲ್ಲಿಗೇ ಹಿಂದಿರುಗಿಸುವಂತೆ ಲಕ್ಕಮ್ಮ ಹೇಳಿದ ಪ್ರಸಂಗ ನಮಗೆಲ್ಲ ಗೊತ್ತು. ಇದನ್ನು ನಾವು ನಿರಾಶೆಯ, ನಿಸ್ಪೃಹತೆಯ ಕಥೆಯಾಗಿ ಹೇಳುತ್ತ ಬಂದಿದ್ದೇವೆ. ಅದರಲ್ಲಿ ಅಡುಗೆಮನೆಯ ಕಥೆಯೂ ಇದೆ. ಮನೆಗೆ ಎಷ್ಟು ಬರಬೇಕು, ಎಷ್ಟು ಬೇಯಬೇಕು, ದಾಸೋಹಕ್ಕೆ ಎಷ್ಟು ಸಾಕು ಎಂಬುದನ್ನು ತೀರ್ಮಾನಿಸಿದವಳು ಆ ತಾಯಿ. ಮಾರಯ್ಯನವರು ಮರುಮಾತಾಡದೆ ಒಪ್ಪಿದರು. ಅಡುಗೆ ಮಾಡುವವಳಿಗೆ ದುಡಿಮೆಯ ಹೊರೆ ಇದೆ, ಅಧಿಕಾರವಿಲ್ಲ ಎಂಬ ಇಂದಿನ ಸ್ಥಿತಿ ಆ ಗುಡಿಸಲಿನಲ್ಲಿರಲಿಲ್ಲ.

ಮೋಳಿಗೆ ಮಾರಯ್ಯನವರ ಕಥೆಯೂ ಅಂಥದ್ದೇ. ಕಾಶ್ಮೀರದ ಅರಸೊತ್ತಿಗೆ ಬಿಟ್ಟು ಬಂದು ಕಟ್ಟಿಗೆ ಮಾರಿ ಬದುಕಿದ ದಂಪತಿಗಳ ಮನೆಯಲ್ಲಿ ಜಂಗಮರಿಗೆ ಅಂಬಲಿಯೇ ನೈವೇದ್ಯ. ಬಸವಣ್ಣನವರೇ ಜಂಗಮ ವೇಷದಲ್ಲಿ ಬಂದು ಆ ಅಂಬಲಿಯನ್ನು ಸವಿದರೆಂದು ಶರಣಚರಿತೆ ಹೇಳುತ್ತದೆ. ಬಿಜ್ಜಳನ ಭಂಡಾರ ನೋಡಿಕೊಳ್ಳುತ್ತಿದ್ದವರಿಗೆ ಅಂಬಲಿ ಸಾಲದಾಗಲಿಲ್ಲ. ಇಂದು ಮನೆಗೆ ನಾಲ್ಕು ಜನ ಬೀಗರು ಬರುತ್ತಾರೆಂದರೆ ಎರಡು ಪಲ್ಯ, ಕೋಸಂಬರಿ, ಚಪಾತಿ, ಚಿತ್ರಾನ್ನ, ಅನ್ನ, ಸಾರು, ಒಂದು ಸಿಹಿ, ಕರಿದದ್ದು ಒಂದು ಎಂದು ಪಟ್ಟಿ ಬೆಳೆಯುತ್ತದೆ. ಅಷ್ಟೆಲ್ಲ ಮಾಡಿದಾಕೆ ಬೀಗರೊಡನೆ ನಾಲ್ಕು ಮಾತಾಡಲಿಕ್ಕೂ ಹೊರಗೆ ಬರಲಾಗದೆ ಒಳಗೇ ಉಳಿಯುತ್ತಾಳೆ.

ಗಂಡಸರಿಗೆ ಅಡುಗೆ ಬರುವುದಿಲ್ಲ ಎನ್ನುವ ಮಾತನ್ನು ನಮ್ಮ ಜಾತ್ರೆಗಳೇ ಸುಳ್ಳು ಮಾಡುತ್ತವೆ. ಯಾವುದೇ ಮಠದ ಜಾತ್ರೆಯ ದಾಸೋಹ ಮಂಟಪಕ್ಕೆ ಹೋಗಿ ನೋಡಿ. ಆಳೆತ್ತರದ ಸೌಟು ಹಿಡಿದು ಕಡಾಯಿಯಲ್ಲಿ ಗೋಧಿ ಹುಗ್ಗಿ ತಿರುವುತ್ತಿರುವವರು ಗಂಡಸರು. ಉಳ್ಳಾಗಡ್ಡಿ ಹೆಚ್ಚುವವರು, ಸಾರಿಗೆ ಒಗ್ಗರಣೆ ಕೊಡುವವರು, ಬಕೆಟ್ಟು ಹಿಡಿದು ಸಾಲಿನಲ್ಲಿ ಓಡಾಡಿ ಬಡಿಸುವವರು ಎಲ್ಲ ನಮ್ಮ ಊರ ಯುವಕರೇ. ಶಿಕ್ಷಕರು, ವ್ಯಾಪಾರಿಗಳು, ಸರ್ಕಾರಿ ನೌಕರರು ಕೂಡ ರಜೆ ಹಾಕಿ ಬಂದು ಸೇವೆ ಮಾಡುತ್ತಾರೆ. ಯಾರಿಗೂ ನಾಚಿಕೆಯಿಲ್ಲ, ಬದಲಿಗೆ ಹೆಮ್ಮೆಯಿದೆ. ಅದೇ ವ್ಯಕ್ತಿ ಮರುದಿನ ಮನೆಯಲ್ಲಿ ಕುಳಿತು, ಕೈಗೆಟಕುವಷ್ಟು ದೂರದಲ್ಲಿರುವ ತಂಬಿಗೆಯ ನೀರನ್ನು ತಂದುಕೊಡಲು ಹೆಂಡತಿಯನ್ನು ಕರೆಯುತ್ತಾನೆ. ಮಠದಲ್ಲಿ ಸೇವೆಯಾದದ್ದು ಮನೆಯ ಹೊಸ್ತಿಲು ದಾಟಿದೊಡನೆ ಹೆಂಗಸರ ಕೆಲಸವಾಗಿಬಿಡುತ್ತದೆ.

ಕೊಪ್ಪಳದ ಗವಿಮಠದ ಜಾತ್ರೆಯ ಮಹಾದಾಸೋಹಕ್ಕೆ ಸುತ್ತಲಿನ ಹಳ್ಳಿಗಳಿಂದ ಲಕ್ಷಗಟ್ಟಲೆ ಜೋಳದ ರೊಟ್ಟಿ ಹರಿದುಬರುತ್ತದೆ. ಭಕ್ತಿಯ ಆ ದೃಶ್ಯ ಕಣ್ತುಂಬುವಂಥದ್ದು. ರೊಟ್ಟಿ ತುಂಬಿದ ಬಂಡಿ, ಟ್ರ್ಯಾಕ್ಟರುಗಳ ಮೆರವಣಿಗೆಯ ಚಿತ್ರ ಪತ್ರಿಕೆಗಳಲ್ಲಿ ಬರುತ್ತದೆ. ಆ ರೊಟ್ಟಿ ಬಡಿದ ಕೈಗಳು ಚಿತ್ರದಲ್ಲಿ ಕಾಣುವುದು ಅಪರೂಪ. ಕುದಿಯುವ ಎಸರಿಗೆ ಹಿಟ್ಟು ಸುರಿದು, ಕೈ ಸುಡುವ ಬಿಸಿಯಲ್ಲೇ ನಾದಿ, ತೆಳ್ಳಗೆ ಬಡಿದು, ಹಂಚಿಗೆ ಹಾಕಿ, ಒದ್ದೆ ಅರಿವೆಯಿಂದ ನೀರು ಸವರಿ ತಿರುವಿ, ಖಡಕ್ ಆಗುವವರೆಗೆ ಬೇಯಿಸಿದ ಆ ತಾಯಂದಿರೂ ದಾಸೋಹಿಗಳೇ ಎಂದು ವೇದಿಕೆಯ ಮೇಲಿಂದ ಹೇಳಬೇಕು.

ಇದು ಬರೀ ಭಾವನೆಯ ಮಾತೆಂದುಕೊಂಡವರಿಗೆ ಒಂದಿಷ್ಟು ಲೆಕ್ಕ ಹೇಳಬೇಕು. ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ದೇಶದಾದ್ಯಂತ ಸಮಯ ಬಳಕೆಯ ಸಮೀಕ್ಷೆ ನಡೆಸಿತು. ಆರು ವರ್ಷ ದಾಟಿದವರಲ್ಲಿ ಕೂಲಿಯಿಲ್ಲದ ಮನೆಗೆಲಸದಲ್ಲಿ ದಿನವೂ ತೊಡಗುವ ಹೆಂಗಸರು ನೂರಕ್ಕೆ 81 ಮಂದಿ, ಗಂಡಸರು 26 ಮಂದಿ. ಹೀಗೆ ತೊಡಗಿದವರಲ್ಲೂ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಕೊಡುತ್ತಾರೆ. 299 ನಿಮಿಷವೆಂದರೆ ಐದು ತಾಸಿಗೆ ಒಂದು ನಿಮಿಷ ಕಡಿಮೆ. ಹೊಲಕ್ಕೂ ಶಾಲೆಗೂ ಕಚೇರಿಗೂ ಹೋಗಿ ಬಂದ ಮೇಲೆ ಈ ಐದು ತಾಸನ್ನು ಆಕೆ ಎಲ್ಲಿಂದ ತರಬೇಕು? ನಿದ್ದೆಯಿಂದ, ಓದಿನಿಂದ, ಲಿಂಗಪೂಜೆಯ ಹೊತ್ತಿನಿಂದ. ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದು ಕೂರಲು ಅವಳಿಗೆ ಸಮಯವೇ ಇಲ್ಲದಿದ್ದರೆ, ಬಸವಣ್ಣನವರು ಗಂಡು ಹೆಣ್ಣೆಂಬ ಭೇದವಿಲ್ಲದೆ ಕೊಟ್ಟ ಲಿಂಗದೀಕ್ಷೆಗೆ ಏನರ್ಥ ಉಳಿಯಿತು?

ಇನ್ನೊಂದು ಲೆಕ್ಕ ಆರೋಗ್ಯದ್ದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ರಕ್ತಹೀನತೆ ಇರುವವರು ದೇಶದಲ್ಲಿ ನೂರಕ್ಕೆ 57, ನಮ್ಮ ರಾಜ್ಯದಲ್ಲಿ ಸುಮಾರು 48. ಇದಕ್ಕೆ ಕಾರಣಗಳು ಹಲವು. ಆದರೆ ಎಲ್ಲರದೂ ಆದ ಮೇಲೆ ಉಣ್ಣುವ ಪದ್ಧತಿಯನ್ನು ಆ ಕಾರಣಗಳ ಪಟ್ಟಿಯಿಂದ ಬಿಡಲಾಗದು. ಗಂಡ, ಮಕ್ಕಳು, ಅತ್ತೆ, ಮಾವ ಉಂಡೆದ್ದ ಮೇಲೆ ಅವಳ ತಟ್ಟೆಗೆ ಬರುವುದು ಪಾತ್ರೆಯ ತಳದ ಸಾರು. ಕಾಳು ಕಡಿಮೆ, ನೀರು ಹೆಚ್ಚು. ಪಲ್ಯ ಮುಗಿದಿದ್ದರೆ ಚಟ್ನಿಪುಡಿ, ಮೊಸರು ಮುಗಿದಿದ್ದರೆ ನೀರು ಮಜ್ಜಿಗೆ. ಉಳಿದ ತಂಗಳು ರೊಟ್ಟಿ ಕೆಡಬಾರದೆಂದು ಅದನ್ನೂ ಅವಳೇ ಉಣ್ಣುತ್ತಾಳೆ. ಅನ್ನ ಕೆಡಿಸಬಾರದು ಎಂಬ ಪ್ರಸಾದ ನಿಯಮವನ್ನು ಮನೆಯಲ್ಲಿ ಅವಳೊಬ್ಬಳೇ ಪಾಲಿಸುತ್ತಿದ್ದಾಳೆ.

ಜನನ, ಮರಣ, ಜಾತಿ, ರಜಸ್ಸು, ಎಂಜಲು ಎಂಬ ಪಂಚಸೂತಕಗಳನ್ನು ಶರಣರು ಅಲ್ಲಗಳೆದರು. ಲಿಂಗಧಾರಿಗೆ ಸೂತಕವಿಲ್ಲ ಎಂದು ಭಾಷಣದಲ್ಲಿ ಗಟ್ಟಿಯಾಗಿ ಹೇಳುತ್ತೇವೆ. ಆದರೂ ನಮ್ಮವೇ ಎಷ್ಟೋ ಮನೆಗಳಲ್ಲಿ ತಿಂಗಳ ಆ ದಿನಗಳಲ್ಲಿ ಹೆಣ್ಣುಮಕ್ಕಳು ಅಡುಗೆಮನೆಗೆ ಬರುವಂತಿಲ್ಲ, ಉಪ್ಪಿನಕಾಯಿ ಭರಣಿ ಮುಟ್ಟುವಂತಿಲ್ಲ. ಆ ಮೂರು ದಿನ ಅಡುಗೆ ಮಾಡುವವರು ಯಾರು? ಇನ್ನೊಬ್ಬ ಹೆಂಗಸು, ಇಲ್ಲವೇ ಹೋಟೆಲಿನ ಪೊಟ್ಟಣ. ಗಂಡಸು ಸೌಟು ಹಿಡಿಯುವುದಕ್ಕಿಂತ ಸೂತಕ ಪಾಲಿಸುವುದು ಸುಲಭವೆನಿಸಿದೆ. ಲಿಂಗಾಯತ ಮನೆಯಲ್ಲಿ ಸೂತಕವೂ ಇರಬಾರದು. ದಣಿದವಳಿಗೆ, ಹೊಟ್ಟೆನೋವಿರುವವಳಿಗೆ ವಿಶ್ರಾಂತಿಯೂ ಸಿಗಬೇಕು. ಮನೆಯ ಗಂಡಸರಿಗೆ ಅನ್ನ, ಬೇಳೆ, ಒಂದು ಪಲ್ಯ ಮಾಡಲು ಬಂದರೆ ಎರಡೂ ಸಾಧ್ಯ.

ಸರಳ ಊಟದ ಮಾತಿಗೆ ಈಗ ಬರೋಣ. ಅಡುಗೆ ಹಂಚಿಕೊಳ್ಳಬೇಕಾದರೆ ಅದು ಹೊಸಬರಿಗೂ ಬರುವಷ್ಟು ಸರಳವಾಗಿರಬೇಕು. ನಮ್ಮ ನಾಡಿನ ಊಟ ಹುಟ್ಟಿನಿಂದಲೇ ಸರಳ. ರೊಟ್ಟಿ, ಒಂದು ಕಾಳು, ಒಂದು ಸೊಪ್ಪು, ಹಸಿ ಉಳ್ಳಾಗಡ್ಡಿ ಇಲ್ಲವೇ ಮೂಲಂಗಿ, ಒಂದು ಚಟ್ನಿಪುಡಿ, ಮಜ್ಜಿಗೆ ಇಷ್ಟಾದರೆ ತಟ್ಟೆ ತುಂಬಿತು. ಇದು ಬಡವರ ಊಟವೆಂದು ಕೀಳಾಗಿ ಕಾಣುತ್ತಿದ್ದವರಿಗೆ ಈಗ ಆಹಾರ ವಿಜ್ಞಾನವೇ ಉತ್ತರ ಹೇಳುತ್ತಿದೆ. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ; ಬೇಳೆಕಾಳುಗಳಲ್ಲಿ ಅದು ಹೇರಳ. ಎರಡನ್ನೂ ಕೂಡಿಸಿ ಉಂಡಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯು ದಿನದ ಶಕ್ತಿಯಲ್ಲಿ ಧಾನ್ಯದ ಪಾಲು ಶೇ. 45ನ್ನು ಮೀರದಿರಲಿ, ಉಪ್ಪು ದಿನಕ್ಕೆ 5 ಗ್ರಾಂ ದಾಟದಿರಲಿ ಎನ್ನುತ್ತದೆ. ಅಂದರೆ ಅನ್ನದ ರಾಶಿ ಕಡಿಮೆಯಾಗಿ ಕಾಳು, ಸೊಪ್ಪು, ತರಕಾರಿ ಹೆಚ್ಚಬೇಕು. ಹಪ್ಪಳ, ಉಪ್ಪಿನಕಾಯಿ ಮಿತಿಯಲ್ಲಿರಬೇಕು.

ವಾರದ ಅಡುಗೆಯನ್ನು ಹೀಗೆ ಯೋಚಿಸಬಹುದು. ಮಡಿಕೆಕಾಳನ್ನೋ ಹೆಸರುಕಾಳನ್ನೋ ಬೆಳಿಗ್ಗೆ ನೆನೆಹಾಕಿ ರಾತ್ರಿ ಬಟ್ಟೆಯಲ್ಲಿ ಕಟ್ಟಿಟ್ಟರೆ ಮರುದಿನಕ್ಕೆ ಮೊಳಕೆ ಸಿದ್ಧ. ಉಳ್ಳಾಗಡ್ಡಿ, ಒಣಖಾರ ಹಾಕಿ ಒಗ್ಗರಣೆ ಕೊಟ್ಟು ಬೇಯಿಸಿದರೆ ಪಲ್ಯ. ತೊಗರಿಬೇಳೆಯ ಜೊತೆ ಮೆಂತ್ಯವನ್ನೋ ರಾಜಗಿರಿಯನ್ನೋ ಕುಕ್ಕರಿಗೆ ಹಾಕಿ, ಬೆಂದ ಮೇಲೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಸೊಪ್ಪಿನ ಬೇಳೆ. ಪುಂಡಿಸೊಪ್ಪಿನ ಜೊತೆ ಹಿಡಿಯಷ್ಟು ಜೋಳದ ನುಚ್ಚು ಬೆರೆಸಿ ಬೇಯಿಸಿದ ಪುಂಡಿಪಲ್ಯ ಮರುದಿನಕ್ಕೆ ಇನ್ನಷ್ಟು ರುಚಿ. ಮನೆಯಲ್ಲಿ ತರಕಾರಿಯೇ ಇಲ್ಲದ ದಿನ ಉಳ್ಳಾಗಡ್ಡಿ ಹುರಿದು, ಕಡಲೆಹಿಟ್ಟು ಕದಡಿ ಹಾಕಿದರೆ ಕಾಲು ತಾಸಿನೊಳಗೆ ಜುಣಕ ಆಗುತ್ತದೆ. ತುಮಕೂರು, ಮೈಸೂರು ಕಡೆಯವರಿಗೆ ರಾಗಿಮುದ್ದೆ, ಬಸ್ಸಾರು, ಹೆಸರುಬೇಳೆ ಕೋಸಂಬರಿ ಇವೆ. ಶೇಂಗಾ, ಅಗಸಿ, ಗುರೆಳ್ಳು ಚಟ್ನಿಪುಡಿಗಳನ್ನು ರವಿವಾರ ಮನೆಮಂದಿ ಸೇರಿ ಮಾಡಿಟ್ಟರೆ ವಾರಗಟ್ಟಲೆ ಬರುತ್ತವೆ. ಸೊಪ್ಪು ಕಾಳಿನ ಊಟಕ್ಕೆ ನಿಂಬೆಹಣ್ಣು ಹಿಂಡಿಕೊಂಡರೆ ಅದರಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತುತ್ತದೆ. ಉಂಡ ಕೂಡಲೇ ಚಹಾ ಕುಡಿದರೆ ಹತ್ತದೆ ಹೋಗುತ್ತದೆ. ಸಸ್ಯಾಹಾರಿಗಳಿಗೆ ಬಿ12 ಜೀವಸತ್ವ ಸಿಗುವುದು ಮುಖ್ಯವಾಗಿ ಹಾಲು, ಮೊಸರು, ಮಜ್ಜಿಗೆಯಿಂದ. ಆದ್ದರಿಂದ ಆ ಬಟ್ಟಲು ಮನೆಯ ಹೆಣ್ಣುಮಕ್ಕಳಿಗೂ ಸಮನಾಗಿ ಸಿಗಲೇಬೇಕು.

ರೊಟ್ಟಿಯ ಮಾತು ಬೇರೆ. ಅದು ನಾಲ್ಕು ದಿನದಲ್ಲಿ ಕೈಗೆ ಹತ್ತುವ ವಿದ್ಯೆಯಲ್ಲ. ದುಡಿಯುವ ತಾಯಿ ದಿನವೂ ರೊಟ್ಟಿ ಬಡಿಯಬೇಕೆಂಬ ಹಟವನ್ನೂ ಬಿಡೋಣ. ಉತ್ತರ ಕರ್ನಾಟಕದ ಊರೂರುಗಳಲ್ಲಿ ಮಹಿಳೆಯರು ಖಡಕ್ ರೊಟ್ಟಿ ಮಾಡಿ ಮಾರಿ ಮನೆ ನಡೆಸುತ್ತಿದ್ದಾರೆ. ಅವರಲ್ಲಿ ಕೊಂಡರೆ ಒಬ್ಬ ತಾಯಿಗೆ ಬಿಡುವು, ಇನ್ನೊಬ್ಬ ತಾಯಿಗೆ ದುಡಿಮೆ. ನಮ್ಮ ಊರುಗಳ ಖಾನಾವಳಿಗಳಲ್ಲಿ ಅದೇ ರೊಟ್ಟಿಗೆ, ಅದೇ ಪಲ್ಯಕ್ಕೆ ಬೆಲೆ ಇದೆ, ಮಾಡಿದವರಿಗೆ ಸಂಬಳವಿದೆ. ಮನೆಯಲ್ಲಿ ಅದೇ ಕೆಲಸ ಮಾಡುವವಳನ್ನು ಕೇಳಿದರೆ, ತಾನು ಏನೂ ಕೆಲಸ ಮಾಡುವುದಿಲ್ಲ, ಮನೆಯಲ್ಲೇ ಇರುತ್ತೇನೆ ಎನ್ನುತ್ತಾಳೆ. ಕಾಯಕವನ್ನು ಇಷ್ಟು ಎತ್ತರಕ್ಕೇರಿಸಿದ ಧರ್ಮದ ಮಗಳ ಬಾಯಲ್ಲಿ ಈ ಉತ್ತರ ಬರುವಂತೆ ಮಾಡಿದವರು ನಾವು.

ಕೆಲವು ಹಿರಿಯರು ಕೇಳಬಹುದು: ಹೆಂಗಸರೇ ನಮ್ಮನ್ನು ಅಡುಗೆಮನೆಗೆ ಸೇರಿಸುವುದಿಲ್ಲವಲ್ಲ? ಗಂಡಸರು ಬಂದರೆ ಕೆಲಸ ಕೆಡಿಸುತ್ತಾರೆ, ಒಂದಕ್ಕೆ ಹತ್ತು ಪಾತ್ರೆ ಮಾಡುತ್ತಾರೆ ಎಂದು ತಾಯಂದಿರು ಹೇಳುವುದು ನಿಜ. ಅದಕ್ಕೆ ಪರಿಹಾರ ಪಾತ್ರೆಯನ್ನೂ ತೊಳೆದಿಡುವುದು. ಯುಗಾದಿಗೊಮ್ಮೆ ಉತ್ಸಾಹದಿಂದ ಬಿಸಿಬೇಳೆಭಾತ್ ಮಾಡಿ ಫೋಟೋ ತೆಗೆಸಿಕೊಳ್ಳುವುದು ಪಾಲು ಕೊಟ್ಟಂತಾಗದು. ಬೇಳೆ ಮುಗಿದಿದೆಯೇ, ಹಾಲು ಬಂದಿದೆಯೇ, ನಾಳೆ ಮಕ್ಕಳ ಡಬ್ಬಿಗೆ ಏನು ಎಂಬ ಚಿಂತೆಯನ್ನು ವಾರದಲ್ಲಿ ಒಂದೆರಡು ದಿನವಾದರೂ ಪೂರ್ತಿಯಾಗಿ ಹೊತ್ತುಕೊಳ್ಳಬೇಕು. ತಾಯಂದಿರೂ ಮೊದಮೊದಲು ಉಪ್ಪು ಹೆಚ್ಚಾದ ಸಾರನ್ನು ಸಹಿಸಿಕೊಳ್ಳಬೇಕು. ಮಗ ಅಡುಗೆಮನೆಗೆ ಬಂದರೆ ಹೊರಗೆ ಕಳಿಸುವ, ಮಗಳನ್ನು ಓದಿನ ನಡುವೆ ಎಬ್ಬಿಸುವ ರೂಢಿಯನ್ನು ಅವ್ವಂದಿರೇ ಮೊದಲು ಬಿಡಬೇಕಾಗಿದೆ.

ಸಸ್ಯಾಹಾರದ ಬಗ್ಗೆಯೂ ಒಂದು ಮಾತು. ನಮ್ಮ ಊಟ ದಯೆಯಿಂದ ಬಂದ ಆಚರಣೆ. ಅದನ್ನು ಇನ್ನೊಬ್ಬರ ತಟ್ಟೆ ಅಳೆಯುವ ಕೋಲಾಗಿ ಮಾಡಿಕೊಂಡರೆ, ಯಾವ ಪಂಕ್ತಿಭೇದವನ್ನು ಶರಣರು ಮುರಿದರೋ ಅದನ್ನೇ ಮತ್ತೆ ಕಟ್ಟಿದಂತೆ. ದಯೆ ಮೊದಲು ಸಲ್ಲಬೇಕಾದದ್ದು ಒಲೆಯ ಮುಂದೆ ಬೆವರುತ್ತಿರುವ ಜೀವಕ್ಕೆ.

ಈ ವಿಷಯದಲ್ಲಿ ನಮ್ಮ ಮಠಗಳು ಮಾಡಬಹುದಾದದ್ದು ಬಹಳವಿದೆ. ಧಾರವಾಡದ ಮುರುಘಾಮಠ, ತುಮಕೂರಿನ ಸಿದ್ಧಗಂಗಾ ಮಠದಂಥ ಮಠಗಳು ನಡೆಸಿದ ಉಚಿತ ಪ್ರಸಾದನಿಲಯಗಳಲ್ಲಿ ಉಂಡು ಓದಿದ ಲಕ್ಷಾಂತರ ಮಕ್ಕಳು ನಾಡಿನ ತುಂಬ ಇದ್ದಾರೆ. ಹಾಸ್ಟೆಲ್ಲಿಗೆ ಪ್ರಸಾದನಿಲಯ ಎಂದು ಹೆಸರಿಟ್ಟ ಸಮಾಜ ನಮ್ಮದು. ಅಲ್ಲಿ ಬಡಿಸಲು, ಸಾಲು ಸ್ವಚ್ಛ ಮಾಡಲು ಕಲಿತ ಹುಡುಗ ಅನ್ನ ಬೇಳೆ ಪಲ್ಯ ಮಾಡುವುದನ್ನೂ ಕಲಿತೇ ಹೊರಬರಲಿ. ವಚನ ಕಂಠಪಾಠ ಸ್ಪರ್ಧೆಯಷ್ಟೇ ಶ್ರದ್ಧೆಯಿಂದ ಇದನ್ನೂ ಕಲಿಸಬಹುದು.

ಎರಡನೆಯದು ಜೋಳಿಗೆ. ಇಳಕಲ್ಲಿನ ಚಿತ್ತರಗಿ ಸಂಸ್ಥಾನಮಠದ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗಿ, ನಿಮ್ಮ ದುಶ್ಚಟಗಳನ್ನು ಇದರಲ್ಲಿ ಹಾಕಿರೆಂದು ಬೇಡಿದರು. ಸಾವಿರಾರು ಜನ ಕುಡಿತ, ಗುಟಖಾ, ಬೀಡಿ ಬಿಟ್ಟರು. ಸಾವಿರಾರು ಮನೆಗಳಲ್ಲಿ ಒಲೆ ಉರಿಯಿತು. ಅವರ ಜನ್ಮದಿನವಾದ ಆಗಸ್ಟ್ 1 ಇಂದು ವ್ಯಸನಮುಕ್ತ ದಿನವಾಗಿದೆ. ಕುಳಿತಲ್ಲೇ ಬಡಿಸಿಕೊಂಡು ಉಣ್ಣುವುದೂ ಒಂದು ಚಟವೇ. ನಮ್ಮ ಪೂಜ್ಯರು ಈ ಬಸವ ಜಯಂತಿಗೆ ಜೋಳಿಗೆ ಹಿಡಿದು, ಗಂಡಸರಿಂದ ಆ ಚಟವನ್ನು ಬೇಡಲಿ. ವಾರಕ್ಕೆ ಎರಡು ದಿನದ ಅಡುಗೆ, ದಿನಕ್ಕೆ ಒಂದು ಹೊತ್ತಾದರೂ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಉಣ್ಣುವುದು: ಇಷ್ಟೇ ಪ್ರತಿಜ್ಞೆ. ಪೂಜ್ಯರು ಬೇಡಿದರೆ ಇಲ್ಲವೆನ್ನುವ ಭಕ್ತ ನಮ್ಮಲ್ಲಿ ಅಪರೂಪ.

ಮೂರನೆಯದು ಮಠದ, ಮದುವೆಯ ಊಟ. ಕಲ್ಯಾಣ ಮಹೋತ್ಸವಗಳಲ್ಲಿ ಇಪ್ಪತ್ತು ಮೂವತ್ತು ಬಗೆ ಬಡಿಸಿ ಅರ್ಧಕ್ಕರ್ಧ ತಿಪ್ಪೆಗೆ ಸುರಿಯುವುದನ್ನು ಆಶೀರ್ವಚನದಲ್ಲಿ ಒಂದು ಮಾತು ಖಂಡಿಸಿ ಸುಮ್ಮನಾಗುವುದು ಸಾಲದು. ಮಠಗಳ ಸಮ್ಮುಖದಲ್ಲಿ ನಡೆಯುವ ಮದುವೆಗಳಿಗಾದರೂ ಹುಗ್ಗಿ, ರೊಟ್ಟಿ, ಪಲ್ಯ, ಅನ್ನ, ಸಾರು, ಮಜ್ಜಿಗೆ ಎಂಬ ಮಿತಿ ಇರಲಿ. ಸ್ವಾಮೀಜಿಗಳು ಭಕ್ತರ ಮನೆಗೆ ಪ್ರಸಾದಕ್ಕೆ ದಯಮಾಡಿಸಿದಾಗಲೂ ಎರಡೇ ಬಗೆ ಸಾಕೆಂದು ಮುಂಚಿತವಾಗಿ ಅಪ್ಪಣೆ ಕೊಡಿಸಲಿ. ಅಡುಗೆ ಮಾಡಿದ ತಾಯಂದಿರು ಪಂಕ್ತಿಯಲ್ಲಿ ಕುಳಿತ ಮೇಲೆಯೇ ತಾವು ಪ್ರಸಾದ ಸ್ವೀಕರಿಸಲಿ. ಒಬ್ಬ ಪೂಜ್ಯರು ಹೀಗೆ ಮಾಡಿದರೆ ನೂರು ಪ್ರವಚನಕ್ಕಿಂತ ಹೆಚ್ಚಿನ ಪರಿಣಾಮವಾದೀತು.

ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಈ ಲೇಖನ ಓದುತ್ತಿರುವ ಅಣ್ಣಂದಿರು ಇಂದು ರಾತ್ರಿಯೇ ಮಡಿಕೆಕಾಳು ನೆನೆಹಾಕಬಹುದು. ನಾಳಿದ್ದಿನ ಪಲ್ಯಕ್ಕೆ ಉಪ್ಪು ಹೆಚ್ಚೋ ಕಡಿಮೆಯೋ ಆದೀತು, ಚಿಂತೆಯಿಲ್ಲ. ತಟ್ಟೆಗಳನ್ನು ಹಾಕುವಾಗ ಮನೆಯಲ್ಲಿ ಎಷ್ಟು ಜನವೋ ಅಷ್ಟನ್ನೂ ಒಮ್ಮೆಗೇ ಹಾಕಿ, ಎಲ್ಲರೂ ಕುಳಿತ ಮೇಲೆ ಮೊದಲ ತುತ್ತು ಎತ್ತಿ.